ದೊರೆಸಾನಮ್ಮ ಕಲಿಸಿದ ಎಡಗೈ

ಹನ್ನೊಂದು ಹುಡುಗಿಯರಿಗೆ ಒಂದು ಕಾಗದ ಈಸಿಕೊಳ್ಳುವುದನ್ನು ಕಲಿಸಲು ಮೂರು ವಾರ ಬೇಕಾಯಿತು. ಮೂರು ವಾರ ಆದಮೇಲೂ ಅದು ನೆಟ್ಟಗೆ ಆಗಲಿಲ್ಲ. ಆ ಮೂರು ವಾರ ನನ್ನ ತಲೆ ಎಷ್ಟು ಕೆಟ್ಟಿತ್ತು ಎಂದರೆ, ಇವತ್ತಿಗೂ ಯಾರಾದರೂ ಸರ್ಟಿಫಿಕೇಟು ಎಂದರೆ ಸಾಕು, ಮೈ ಉರಿಯುತ್ತದೆ.

ಅರವತ್ತನೇ ಇಸವಿಯ ಆಸುಪಾಸಿನ ಮಾತು. ಕೊಡಿಗೇಹಳ್ಳಿಯಿಂದ ಬಳ್ಳಾರಿ ರಸ್ತೆಗೆ ಬರುವ ದಾರಿಯಲ್ಲಿ ಆಗ ಇದ್ದದ್ದು ರಾಗಿ ಹೊಲ, ತರಕಾರಿ ತೋಟ, ಅಲ್ಲೊಂದು ಇಲ್ಲೊಂದು ದ್ರಾಕ್ಷಿ ಚಪ್ಪರ. ಅದರ ನಡುವೆ ಹೆಂಚು ಹೊದಿಸಿದ ಹೆಣ್ಣುಮಕ್ಕಳ ಸ್ಕೂಲು, ಎಂಟನೇ ಕ್ಲಾಸಿನ ತನಕ. ನಾನು ಅಲ್ಲಿ ಆಯಾ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಹನ್ನೊಂದು ಗಂಟೆಗೆ ಅಮೆರಿಕಾದಿಂದ ಬರುವ ಹಾಲಿನ ಪುಡಿಯನ್ನು ಅಂಡೆಯಲ್ಲಿ ಕದಡಿ ಕಾಯಿಸಿ ಮಕ್ಕಳಿಗೆ ಹಂಚುವುದು ನನ್ನ ಕೆಲಸ. ಆ ಪುಡಿ ದರಿದ್ರದ್ದು. ಒಂದು ಗಳಿಗೆ ಕೈ ಬಿಟ್ಟರೆ ಗಂಟು ಕಟ್ಟುತ್ತದೆ, ಗಂಟು ಕಟ್ಟಿದರೆ ಮಕ್ಕಳು ಬೇಲಿ ಸಂದಿಗೆ ಸುರಿಯುತ್ತವೆ. ನಾನೇ ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನನ್ನ ಮಗಳು ಅದೇ ಸ್ಕೂಲಿನಲ್ಲಿ ಎಂಟನೇ ಕ್ಲಾಸಿನ ತನಕ ಬಂದಿದ್ದಳು. ನಮ್ಮ ಮನೆತನದಲ್ಲಿ ಹೆಣ್ಣು ಹಾಗಿರಲಿ, ಗಂಡೂ ಅಷ್ಟು ದೂರ ಓದಿರಲಿಲ್ಲ.

ದೊರೆಸಾನಮ್ಮ ಅಮೆರಿಕಾದವಳು. ಎರಡು ವರ್ಷಕ್ಕೆಂದು ಇಂಗ್ಲಿಷ್ ಕಲಿಸಲು ಬಂದಿದ್ದಳು. ಮೂವತ್ತು ದಾಟಿರಲಿಲ್ಲ, ಮುಖ ಬಿಸಿಲಿಗೆ ಸದಾ ಟೊಮೇಟೊ ಹಣ್ಣಿನ ಹಾಗೆ. ಯಾವುದೋ ಪುಸ್ತಕ ಓದಿ ಕನ್ನಡ ಕಲಿತಿದ್ದಳು. ಪುಸ್ತಕದಲ್ಲಿ ಇದ್ದ ಹಾಗೆಯೇ ಮಾತಾಡುತ್ತಿದ್ದಳು. ಕಸ ಗುಡಿಸುವ ನನಗೂ "ನೀವು ಕುಳಿತುಕೊಳ್ಳಿರಿ" ಎನ್ನುವಳು. ಹೆಂಗಸು ಕೆಟ್ಟವಳಲ್ಲ. ಆದರೆ ಒಂದು ಯೋಚನೆ ತಲೆಗೆ ಹೊಕ್ಕರೆ ಅದನ್ನು ಕೀಳಲು ಇಕ್ಕಳ ಬೇಕು.

ಆ ವರ್ಷ ಬೇಸಿಗೆ ರಜೆ ಬರುವ ಮೊದಲು ಅವಳ ತಲೆಗೆ ಹೊಕ್ಕಿದ್ದು ಇದು: ಅವರ ದೇಶದಲ್ಲಿ ಓದು ಮುಗಿಸಿದ ಮಕ್ಕಳನ್ನು ಸಾಲಾಗಿ ನಡೆಸಿ, ಹೆಸರು ಕೂಗಿ, ವೇದಿಕೆ ಹತ್ತಿಸಿ ಸರ್ಟಿಫಿಕೇಟು ಕೊಡುತ್ತಾರಂತೆ. ನಮ್ಮಲ್ಲೂ ಎಂಟನೇ ಕ್ಲಾಸಿನವರಿಗೆ ಹಾಗೇ ಮಾಡಬೇಕಂತೆ. ಅಲ್ಲಿಯ ತನಕ ನಮ್ಮ ಸ್ಕೂಲಿನಲ್ಲಿ ಓದು ಮುಗಿಯುವುದು ಎಂದರೆ ಹುಡುಗಿ ಒಂದು ದಿನ ಬರುವುದನ್ನು ನಿಲ್ಲಿಸುವುದು, ಅಷ್ಟೇ.

ಮೊದಲು ಅವಳು ಕರೀ ನಿಲುವಂಗಿ ಹೊಲಿಸುತ್ತೇನೆಂದು ಹೊರಟಳು. ಹೆಡ್‌ಮೇಡಂ ಅದಕ್ಕೆ ಮಾತ್ರ ಗಟ್ಟಿಯಾಗಿ ಬೇಡ ಎಂದರು. "ಕಪ್ಪು ಬಟ್ಟೆ ಉಡಿಸಿದರೆ ತಾಯಂದಿರು ಮಕ್ಕಳನ್ನ ಬಾಗಿಲಿಂದಾನೇ ವಾಪಸ್ ಕರ್ಕೊಂಡ್ ಹೋಗ್ತಾರೆ" ಅಂದರು. ಹೆಡ್‌ಮೇಡಂ ಮಲ್ಲೇಶ್ವರದಿಂದ ಬಸ್ಸಿನಲ್ಲಿ ಬರುವವರು. ಹಾಲಿನ ಪುಡಿ, ಸ್ಲೇಟು, ಎರಡು ಹೊಲಿಗೆ ಮಿಷನ್ನು ಎಲ್ಲ ದೊರೆಸಾನಮ್ಮನ ಕಡೆಯಿಂದ ಬಂದವು, ಹಾಗಾಗಿ ಇನ್ನೊಂದಕ್ಕೆ ಬೇಡ ಎನ್ನುವ ಧೈರ್ಯ ಅವರಿಗಿರಲಿಲ್ಲ. ಬಿಳೀ ಲಂಗ, ತಲೆಗೆ ಮಲ್ಲಿಗೆ ಎಂದು ತೀರ್ಮಾನವಾಯಿತು. ಅಷ್ಟಕ್ಕೇ ಮುಗಿಯಿತಲ್ಲ ಎಂದು ನಾನು ಅಂಡೆ ಮುಂದೆ ಕೂತಿದ್ದೆ.

ಮಾರನೇ ದಿನ ದೊರೆಸಾನಮ್ಮ ಅಡುಗೆ ಕೋಣೆಗೇ ಬಂದಳು. ಕೈಯಲ್ಲಿ ಹನ್ನೊಂದು ನ್ಯೂಸ್‌ಪೇಪರ್ ಸುರುಳಿ, ಒಂದೊಂದಕ್ಕೂ ಕೆಂಪು ಟೇಪು ಕಟ್ಟಿದ್ದಳು.

"ನೀವು ಬನ್ನಿರಿ. ನೀವು ಮುಖ್ಯ ಅತಿಥಿ."

"ಹಾಲು ಉಕ್ತೈತೆ ಕಣಮ್ಮ."

"ಐದು ನಿಮಿಷ ಮಾತ್ರ."

ಅವತ್ತು ಹಾಲು ತಳ ಹಿಡಿಯಿತು.

ಅಭ್ಯಾಸಕ್ಕೆಂದು, ಅತಿಥಿಯ ಜಾಗದಲ್ಲಿ, ಜಗಲಿ ಮೇಲೆ ನನ್ನನ್ನು ನಿಲ್ಲಿಸಿದಳು. ಹುಡುಗಿಯರು ಒಬ್ಬೊಬ್ಬರಾಗಿ ಬರಬೇಕು, ನಾನು ಸುರುಳಿ ಕೊಡಬೇಕು. ಸರಿ, ಕೊಡಲು ಬಲಗೈ ಮುಂದೆ ಚಾಚಿದೆ. "ಇಲ್ಲ, ಇಲ್ಲ" ಎಂದು ಓಡಿ ಬಂದಳು. ಕಾಗದ ಎಡಗೈಯಲ್ಲಿ ಕೊಡಬೇಕಂತೆ. ಹುಡುಗಿ ಎಡಗೈಯಲ್ಲಿ ಈಸಿಕೊಳ್ಳಬೇಕಂತೆ. ಬಲಗೈ ಇಬ್ಬರದೂ ಖಾಲಿ ಇರಬೇಕು, ಅದೇ ಹೊತ್ತಿನಲ್ಲಿ ಕೈ ಕುಲುಕಲು. ಅವರ ದೇಶದಲ್ಲಿ ಇನ್ನೂರು ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಹೀಗೆ ಕೊಟ್ಟು ಮುಗಿಸುತ್ತಾರಂತೆ.

ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕವು. ಒಬ್ಬಳು, "ಆಯಮ್ಮ, ಎಡಗೈಲಿ ಕೊಡ್ತೀಯಾ? ನಮ್ಮಜ್ಜಿ ಬೆಕ್ಕಿಗೂ ಎಡಗೈಲಿ ಅನ್ನ ಆಕಾಕಿಲ್ಲ" ಅಂದಳು.

ನಾನು ದೊರೆಸಾನಮ್ಮನನ್ನು ಪಕ್ಕಕ್ಕೆ ಕರೆದೆ. ಎಡಗೈಯಲ್ಲಿ ನಾವು ಏನು ತೊಳೆಯುತ್ತೇವೆ ಎನ್ನುವುದನ್ನು ಮುಚ್ಚುಮರೆ ಇಲ್ಲದೆ ಹೇಳಿದೆ. ಆ ಕೈಯಲ್ಲಿ ಯಾರಿಗೂ ಏನೂ ಕೊಡುವುದಿಲ್ಲ, ಈಸಿಕೊಳ್ಳುವುದೂ ಇಲ್ಲ, ಅದರಲ್ಲೂ ವಿದ್ಯೆಯ ಕಾಗದ ಅಂದೆ. ಅವಳು ಗಮನವಿಟ್ಟು ಕೇಳಿದಳು. ಕೇಳಿ, "ಸಾಬೂನಿನಿಂದ ತೊಳೆದರೆ ಎರಡು ಕೈಗಳೂ ಶುದ್ಧವೇ" ಎಂದಳು.

"ಎರಡೂ ಕೈಲಿ ಈಸ್ಕೊಳ್ಳಲಿ ಬಿಡಮ್ಮ. ಅದು ಮರ್ಯಾದೆ."

"ಎರಡೂ ಕೈಗಳು ತುಂಬಿದರೆ ಅತಿಥಿಯ ಕೈಯನ್ನು ಯಾವುದರಿಂದ ಹಿಡಿಯುತ್ತಾರೆ?"

"ಯಾಕ್ ಹಿಡೀಬೇಕು ಅವನ ಕೈನ?"

ಮಾರನೇ ದಿನ ಅವಳು ಮತ್ತೆ ಹನ್ನೊಂದು ಸುರುಳಿ ಹಿಡಿದು ಬಂದಳು.

ಹತ್ತು ಹುಡುಗಿಯರಿಗೆ ಇದು ಆಟ. ನನಗೆ ಆಟವಾಗಿರಲಿಲ್ಲ, ಏಕೆಂದರೆ ಹನ್ನೊಂದನೆಯವಳು ನನ್ನ ಮಗಳು. ಅವಳು ಹುಟ್ಟಾ ಎಡಚಿ.

ಮೂರು ವರ್ಷದ ಮಗುವಾಗಿದ್ದಾಗ ಅವಳು ನಮ್ಮ ಮಾವನಿಗೆ, ಅಂದರೆ ನನ್ನ ಗಂಡನ ಅಪ್ಪನಿಗೆ, ಎಡಗೈಯಲ್ಲಿ ವೀಳ್ಯದೆಲೆ ಕೊಟ್ಟಳು. ಮಾವ ಎಲೆಯನ್ನು ತಿಪ್ಪೆಗೆ ಎಸೆದರು. "ಈ ಕೈನ ಇವತ್ತೇ ಸರಿ ಮಾಡು. ನಾಳೆ ಇವ್ಳನ್ನ ಕರ್ಕೊಂಡ್ ಓಗೋರು ನಮ್ಮುನ್ನ ಆಡ್ಕೊಂತಾರೆ" ಅಂದರು. ಮನೆಯಲ್ಲಿ ಅವರ ಮಾತೇ ಮಾತು. ನನ್ನ ಗಂಡ ಬೀಡಿ ಹಚ್ಚಲೂ ಅವರ ಕಣ್ಣು ತಪ್ಪಿಸಿ ಕೊಟ್ಟಿಗೆ ಹಿಂದೆ ಹೋಗುವವನು. ನಾನು ಮಗುವಿನ ಎಡಗೈಗೆ ಬಟ್ಟೆ ಸುತ್ತಿ ಊಟಕ್ಕೆ ಕೂರಿಸಿದೆ. ಬಟ್ಟೆ ಬಿಚ್ಚಿಕೊಂಡರೆ ಹೊಡೆದೆ. ಸೌಟಿನಲ್ಲಿ, ಪೊರಕೆ ಕಡ್ಡಿಯಲ್ಲಿ, ಸಿಕ್ಕಿದ್ದರಲ್ಲಿ ಹೊಡೆದೆ. ಎರಡು ವರ್ಷದಲ್ಲಿ ಊಟ, ಕೊಡುವುದು, ಈಸಿಕೊಳ್ಳುವುದು ಎಲ್ಲ ಬಲಗೈಗೆ ಬಂತು. ಮಾವನಿಗೆ ಸಮಾಧಾನವಾಯಿತು.

ಬರೆಯುವುದು ಮಾತ್ರ ಬರಲಿಲ್ಲ. ಬಲಗೈಯಲ್ಲಿ ಬರೆದರೆ ಕೋಳಿ ಕೆರೆದ ಹಾಗೆ. ಹಳೇ ಮೇಷ್ಟರು ಅಡಿಕೋಲಿನಲ್ಲಿ ಬೆರಳ ಗೆಣ್ಣಿಗೆ ಹೊಡೆದು ನೋಡಿದರು, ಆಗಲಿಲ್ಲ. ಈ ದೊರೆಸಾನಮ್ಮ ಬಂದ ಮೊದಲ ವಾರವೇ ಅದನ್ನು ಕಂಡು, "ಎಡಗೈಯಲ್ಲಿಯೇ ಬರೆ, ಏನೂ ತಪ್ಪಿಲ್ಲ" ಎಂದುಬಿಟ್ಟಳು. ಅಲ್ಲಿಂದ ಮಗಳು ಕ್ಲಾಸಿಗೆ ಎರಡನೆಯವಳಾದಳು. ಇಷ್ಟು ದೊರೆಸಾನಮ್ಮನ ಉಪಕಾರ, ಇಲ್ಲವೆನ್ನುವುದಿಲ್ಲ. ಮಾವನಿಗೆ ಇದನ್ನು ನಾವು ಹೇಳಿರಲಿಲ್ಲ. ಮನೆಯಲ್ಲಿ ಅವಳು ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯ ಹಿಂದೆ ಕೂತು ಬರೆಯುತ್ತಿದ್ದಳು. ಅವರ ಕೆಮ್ಮು ಕೇಳಿದರೆ ಪೆನ್ಸಿಲ್ ಬಿಟ್ಟು ಪುಸ್ತಕ ಓದುವವಳ ಹಾಗೆ ಕೂರುವಳು.

ಆ ಬೇಸಿಗೆಯಲ್ಲಿ ಅವಳಿಗೆ ಯಲಹಂಕದ ಹೈಸ್ಕೂಲಿಗೆ ಹೋಗಬೇಕಿತ್ತು. ನನಗೂ ಕಳಿಸಬೇಕಿತ್ತು. ಅಂಡೆ ಕದಡುವುದು ನನ್ನ ತಲೆಗೇ ಕೊನೆಯಾಗಲಿ ಎಂದಿತ್ತು. ಗಂಡನನ್ನು ಕೇಳಿದರೆ "ಅಪ್ಪನ್ನ ಕೇಳು" ಅಂದ. ಮಾವನನ್ನು ಕೇಳಿದೆ. ಅವರು ಹುರುಳಿಕಾಯಿ ಮೂಟೆ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಎಂಟ್ ವರ್ಷ ಓದೈತಲ್ಲ, ಇನ್ನೇನ್ ಓದ್ತೈತೆ?"

"ಇನ್ನ ಮೂರ್ ವರ್ಷ ಮಾವ. ಆಮೇಲೆ ಟೀಚರ್ ಕೆಲ್ಸ ಸಿಕ್ತದಂತೆ."

"ಬಸ್ಸಲ್ಲಿ ಓಗಿ ಬಂದ್ ಮಾಡೋ ಉಡ್ಗಿ ನಡತೆ ಏನಾಯ್ತದೆ? ನಿಮ್ ಸ್ಕೂಲಲ್ಲಿ ಅದೇನೋ ಫಂಕ್ಷನ್ ಐತಂತಲ್ಲ. ಬತ್ತೀನಿ. ನಾಕ್ ಜನದ್ ಮುಂದೆ ಎಂಗವ್ಳೆ ನೋಡ್ತೀನಿ. ಆಮೇಲ್ ಯೋಳ್ತೀನಿ. ಇಲ್ದಿದ್ರೆ ತೋಟಕ್ ಬರ್ಲಿ, ಬರೋ ವರ್ಷ ಗಂಡು ನೋಡಾಣ."

ಈಗ ತಿಳಿಯಿತಲ್ಲ ನನ್ನ ಪಾಡು. ಯಾವ ಕೈ ಚಾಚುವುದನ್ನು ಬಿಡಿಸಲು ನಾನು ಮಗುವಿಗೆ ಎರಡು ವರ್ಷ ಹೊಡೆದಿದ್ದೆನೋ, ಅದೇ ಕೈಯನ್ನು, ಅದೇ ಮಾವನ ಎದುರಿಗೆ, ಊರಿನವರ ಎದುರಿಗೆ ಚಾಚು ಎಂದು ದೊರೆಸಾನಮ್ಮ ದಿನಾ ಕಲಿಸುತ್ತಿದ್ದಳು. ಕಲಿಸುವುದಕ್ಕೆ ಎದುರು ನಿಂತವಳು ನಾನೇ, ಸುರುಳಿ ಹಿಡಿದುಕೊಂಡು.

ದೊರೆಸಾನಮ್ಮನಿಗೆ ಮಾವನ ವಿಷಯ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, "ನಿಮ್ಮ ಮಗಳು ತನ್ನ ಸ್ವಂತ ಕೈಯಿಂದ ತೆಗೆದುಕೊಂಡರೆ ನಿಮ್ಮ ಮಾವನವರು ಹೆಮ್ಮೆಪಡುತ್ತಾರೆ" ಎಂದಳು. ನಾನು ಕೈ ಬಿಡಿಸಿಕೊಂಡು ಹಾಲು ಕದಡಲು ಹೋದೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಸುಮ್ಮನಿರುತ್ತಿತ್ತು.

ಫಂಕ್ಷನ್ನಿನ ದಿನ ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಾ ಹೇಳಿದೆ.

"ನೀನು ಬಲಗೈಲೇ ಈಸ್ಕೊ. ಎಡಗೈ ಬಲಗೈಯ ಮೊಣಕೈಗೆ ಕೊಡು, ದೊಡ್ಡೋರ್ ಹತ್ರ ಈಸ್ಕೊಂಡಂಗೆ. ಆಮೇಲೆ ಕಾಲಿಗ್ ಬೀಳು. ಕೈ ಗೀ ಕುಲುಕ್‌ಬ್ಯಾಡ."

"ಮಿಸ್ಸು ಬೈತಾರೆ ಅವ್ವ."

"ಬೈಸ್ಕೊ."

"ಬರೆಯೋಕೆ ಎಡಗೈ ಇಟ್ಕೊ ಅಂದೋರು ಅವ್ರೇ ಅಲ್ವಾ? ಅವ್ರ್ ಮಾತ್ ಎಂಗ್ ಮೀರ್ಲಿ?"

"ತಾತ ಮುಂದಿನ್ ಸಾಲಲ್ಲೇ ಕೂತಿರ್ತಾರೆ. ಹೈಸ್ಕೂಲ್ ಬೇಕೋ, ಬ್ಯಾಡ್ವೋ?"

ಅವಳು ನನ್ನ ಕೈಯಿಂದ ಜಡೆ ಕಿತ್ತುಕೊಂಡಳು. "ನೀನ್ ಬಲ ಅಂತೀಯಾ, ಅವ್ರು ಎಡ ಅಂತಾರೆ. ತಾತನ್ನೇ ಕೇಳ್ಬಿಡು, ಯಾವ್ದನ್ನ ಕಡ್ದಾಕಣ ಅಂತ!"

ತಲೆಗೆ ಒಂದು ಮೊಟಕಿದೆ. ಮೊಟಕಿದ ಮೇಲೆ ಅನ್ನಿಸಿತು, ಹುಡುಗಿ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಹೊತ್ತಿನಲ್ಲಿ ಹಾಗೆಂದು ಹೇಳುವುದು ಹೇಗೆ?

ಮೂರು ಗಂಟೆಗೆ ಜನ ಸೇರಿತು. ಶಾಮಿಯಾನ ಹಾಕಿಸಿದ್ದರು. ಮುಂದೆ ಕುರ್ಚಿ, ಹಿಂದೆ ಜಮಖಾನ. ಮಾವ ಒಗೆದ ಪಂಚೆ ಉಟ್ಟು, ತಲೆಗೆ ರುಮಾಲು ಸುತ್ತಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೋಲನ್ನು ಮಂಡಿ ನಡುವೆ ನಿಲ್ಲಿಸಿಕೊಂಡು ಕೂತಿದ್ದರು. ಮುಖ್ಯ ಅತಿಥಿ ಸ್ಕೂಲ್ ಇನ್‌ಸ್ಪೆಕ್ಟರು, ಕೋಟು, ಪೇಟ, ಹಣೆಗೆ ಸಣ್ಣ ನಾಮ. ಅವರನ್ನು ನೋಡಿದ ಕೂಡಲೇ ನನಗೆ ತಿಳಿಯಿತು, ಈ ಮನುಷ್ಯ ಹೆಣ್ಣುಮಕ್ಕಳ ಕೈ ಮುಟ್ಟುವುದಿಲ್ಲ ಎಂದು. ದೊರೆಸಾನಮ್ಮ ಮೂರು ವಾರ ಹುಡುಗಿಯರಿಗೆ ಕಲಿಸಿದಳೇ ಹೊರತು, ಕೊಡುವವನಿಗೆ ಒಂದು ಮಾತು ಹೇಳಿರಲಿಲ್ಲ. ಅವರ ದೇಶದಲ್ಲಿ ಹೇಳಬೇಕಾಗಿರಲಿಲ್ಲವೇನೋ.

ದೊರೆಸಾನಮ್ಮ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಭಾಷಣ ಮಾಡಿದಳು. ಎರಡು ಮಾತು ಆಡುವಷ್ಟರಲ್ಲಿ ಜಕ್ಕೂರಿನ ಕಡೆಯಿಂದ ವಿಮಾನ ಹಾರಿಸುವುದನ್ನು ಕಲಿಯುವವರು ಯಾರೋ ತಲೆ ಮೇಲೆ ಸುತ್ತು ಹಾಕಲು ಶುರುಮಾಡಿದರು. ಜನ ಎಲ್ಲ ಕತ್ತೆತ್ತಿದರು. ಅದು ಹೋಯಿತು ಅನ್ನುವಷ್ಟರಲ್ಲಿ ತಿರುಗಿ ಬಂತು. ಅವಳ ಮಾತು ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಚಪ್ಪಾಳೆ ಮಾತ್ರ ಎಲ್ಲರೂ ತಟ್ಟಿದರು.

ಆಮೇಲೆ ಹೆಸರು ಕೂಗಿದರು. ಮೊದಲನೆಯ ಹುಡುಗಿ, ಎಲ್ಲರಿಗಿಂತ ಕುಳ್ಳಿ, ಮೆಟ್ಟಿಲು ಹತ್ತಿ ನಡು ವೇದಿಕೆಗೆ ಬಂದಳು. ಎಡಗೈ ಚಾಚಿದಳು, ಬಲಗೈಯನ್ನೂ ಚಾಚಿದಳು. ಇನ್‌ಸ್ಪೆಕ್ಟರು ಬಲಗೈಯಲ್ಲಿ ಕಾಗದ ಹಿಡಿದಿದ್ದವರು ಅದನ್ನು ಹಿಂದಕ್ಕೆ ಎಳೆದುಕೊಂಡರು.

"ಬಲಗೈ, ಬಲಗೈ" ಎಂದರು ಮೆಲ್ಲಗೆ.

"ಎಡ! ಎಡ!" ಎಂದಳು ದೊರೆಸಾನಮ್ಮ ಕೆಳಗಿನಿಂದ.

ಹುಡುಗಿ ಎರಡೂ ಕೈ ಕೆಳಗೆ ಬಿಟ್ಟು ಅಳಲು ಶುರುಮಾಡಿತು. ಹೆಡ್‌ಮೇಡಂ ಅದರ ಕಿವಿಯಲ್ಲಿ ಏನೋ ಹೇಳಿದರು. ಅದು ಮತ್ತೆ ಎಡಗೈಯನ್ನೇ ಚಾಚಿತು. ಮೂರು ವಾರ ಕಲಿಸಿದ್ದು ಸುಮ್ಮನೆ ಹೋಗುತ್ತದೆಯೇ. ಇನ್‌ಸ್ಪೆಕ್ಟರು ಸೋತು ಕಾಗದ ಕೊಟ್ಟು, ಚಾಚಿದ ಬಲಗೈಗೆ ದೂರದಿಂದಲೇ ನಮಸ್ಕಾರ ಮಾಡಿದರು. ಕೈ ಹಾಗೇ ಗಾಳಿಯಲ್ಲಿ ನಿಂತಿತು. ದೊರೆಸಾನಮ್ಮ ಫೋಟೋ ತೆಗೆದಳು.

ಎರಡನೆಯವಳು, ಮೂರನೆಯವಳು, ನಾಲ್ಕನೆಯವಳು, ಎಲ್ಲರೂ ಹಾಗೇ. ಇನ್‌ಸ್ಪೆಕ್ಟರು ಪ್ರತಿ ಹುಡುಗಿಗೂ ಬೇವಿನ ಕಷಾಯ ಕುಡಿದವರ ಮುಖದಲ್ಲಿ ಕಾಗದ ಕೊಟ್ಟು ಕೈ ಮುಗಿದರು. ಹಿಂದೆ ಜಮಖಾನದ ಕಡೆ ಗುಜುಗುಜು ಎದ್ದಿತು.

"ಏನ್ಲಾ ಇದು, ಎಲ್ಲಾ ಎಡಗೈಯವೇ?"

"ಅಮೆರಿಕಾದ್ ಹಾಲು ಕುಡಿಸಿದ್ರೆ ಇನ್ನೇನಾಯ್ತದೆ?"

"ಆ ಇನ್‌ಸ್ಪೆಕ್ಟ್ರು ಪುಣ್ಯಾತ್ಮ, ಇನ್ನೂ ಅಲ್ಲೇ ಅವ್ನೆ. ನಾನಾಗಿದ್ರೆ ಎದ್ದೋಗ್ತಿದ್ದೆ."

ಒಬ್ಬಳ ಅಪ್ಪ ಎದ್ದೇ ಹೋದ. ಮಾವ ಕೋಲನ್ನು ನೆಲಕ್ಕೆ ಕುಟ್ಟುತ್ತಿದ್ದರು, ಮೆಲ್ಲಗೆ, ಒಂದೇ ಸಮನೆ. ನಾನು ಗಂಟೆಯ ಕಂಬಕ್ಕೆ ಒರಗಿ ನಿಂತಿದ್ದೆ, ಆಮೇಲೆ ಕೊಡುವ ಪಾನಕದ ಸೌಟು ಕೈಯಲ್ಲೇ ಇತ್ತು.

ನನ್ನ ಮಗಳು ಎತ್ತರದವಳು, ಕೊನೆಗೆ ಬಂದಳು. ವೇದಿಕೆ ನಡುವೆ ನಿಂತಳು. ಎರಡೂ ಕೈ ಲಂಗಕ್ಕೆ ಅಂಟಿಕೊಂಡ ಹಾಗೆ ಇಳಿಬಿಟ್ಟಿದ್ದಳು. ಇನ್‌ಸ್ಪೆಕ್ಟರು ಕಾಗದ ಹಿಡಿದು ಕಾದರು. ದೊರೆಸಾನಮ್ಮ ಕ್ಯಾಮೆರಾ ಕಣ್ಣಿಗೆ ಇಟ್ಟುಕೊಂಡೇ ಎಡಗೈ ಆಡಿಸಿದಳು. ಮಗಳು ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಸೌಟು ಹಿಡಿದ ಬಲಗೈ ಎತ್ತಿದೆ. ಹೊಡೆಯಲು ಎತ್ತಿದ್ದಲ್ಲ, ಗುರುತಿಗೆ ಎತ್ತಿದ್ದು. ಆದರೆ ಅವಳಿಗೆ ಅದು ಹೇಗೆ ಕಂಡಿತೋ ನನಗೆ ಗೊತ್ತಿಲ್ಲ. ಬಲಗೈ ಮುಂದೆ ಬಂತು. ಎಡಗೈ ಮೊಣಕೈ ಮುಟ್ಟಿತು. ಕಾಗದ ಈಸಿಕೊಂಡು, ಕಣ್ಣಿಗೊತ್ತಿಕೊಂಡು, ಬಗ್ಗಿ ಇನ್‌ಸ್ಪೆಕ್ಟರ ಕಾಲು ಮುಟ್ಟಿದಳು.

"ಸಂತೋಷ, ಸಂತೋಷ! ಇದು ಮನೆಯಲ್ಲಿ ಕಲಿತ ನಡತೆ" ಎಂದು ಆ ಮನುಷ್ಯ ಎಲ್ಲರಿಗೂ ಕೇಳುವ ಹಾಗೆ ಅಂದರು. ಜನ ಚಪ್ಪಾಳೆ ತಟ್ಟಿದರು. ಮಾವ ಪಕ್ಕದ ಕುರ್ಚಿಯವರ ಕಡೆ ತಿರುಗಿ, "ನಮ್ಮುಡ್ಗಿ. ನಮ್ ಮೊಮ್ಮಗ್ಳು" ಎಂದರು. ಮತ್ತೆ ಅತ್ತ ಪಕ್ಕದವರಿಗೆ ತಿರುಗಿ, "ಒಬ್ಳೇ ಸರ್ಯಾಗ್ ಈಸ್ಕೊಂಡಿದ್ದು. ಓದ್ಲಿ, ಇಂತೋಳು ಓದ್ಲಿ! ಯಲಹಂಕಕ್ ಕಳಿಸ್ತೀನಿ" ಎಂದರು. ಅವರ ಗಂಟಲು ದೊಡ್ಡದು. ಶಾಮಿಯಾನದ ಕೊನೆಯ ತನಕ ಕೇಳಿಸಿತು.

ನನಗೆ ಉಸಿರು ಬಂತು. ಸೌಟನ್ನು ಪಾನಕದ ಕೊಳದಪ್ಪಲೆಗೆ ಹಾಕಿದೆ. ಅಷ್ಟರಲ್ಲಿ ದೊರೆಸಾನಮ್ಮ ದುಡುದುಡು ಬಂದಳು, ಮುಖ ಇನ್ನೂ ಕೆಂಪಾಗಿತ್ತು.

"ಹತ್ತು ಮಂದಿ ಸರಿಯಾಗಿ ಮಾಡಿದರು. ನಿಮ್ಮ ಮಗಳೊಬ್ಬಳೇ ಮರೆತಳು. ಚಿಂತೆಯಿಲ್ಲ. ಅವಳು ಮತ್ತೊಮ್ಮೆ ವೇದಿಕೆಯನ್ನು ಹತ್ತಲಿ. ಎಡಗೈಯಿಂದ ತೆಗೆದುಕೊಳ್ಳಲಿ. ನಾನು ಭಾವಚಿತ್ರವನ್ನು ತೆಗೆಯುತ್ತೇನೆ."

ಮಾವ ಮೂರು ಮಾರು ದೂರದಲ್ಲಿ ನಿಂತು ಇನ್ನೂ ಯಾರಿಗೋ ಮೊಮ್ಮಗಳ ವಿಷಯ ಹೇಳುತ್ತಿದ್ದರು. ನನ್ನ ಸಹನೆ ಅಲ್ಲಿಗೆ ಹರಿಯಿತು.

"ಸಾಕು ಮಾಡ್ತೀಯೇನಮ್ಮ ತಾಯಿ!" ಎಂದೆ. "ನಿನ್ನ ಎಡಗೈಯಿಂದ ಒಬ್ಬನ ಮಾನ ಹೋಗಿ ಎದ್ದೋದ, ಒಂದ್ ಮಗ ಅತ್ಕೊಂಡ್ ಕುಂತೈತೆ, ಆ ಇನ್‌ಸ್ಪೆಕ್ಟ್ರು ಪಾನಕನೂ ಮುಟ್ತಾ ಇಲ್ಲ. ನನ್ ಮಗ್ಳ ಓದು ಒಂದು ಉಳ್ಕೊಂಡೈತೆ, ಅದುನ್ನೂ ನಿನ್ ಫೋಟೋಗೋಸ್ಕರ ಕಳ್ಕೊಬೇಕಾ? ಕೊಡೋನು ಎಂಗ್ ಕೊಡ್ತಾನೆ ಅಂತ ಒಂದ್ ಮಾತ್ ಕೇಳಿದ್ಯಾ? ಈಸ್ಕೊಳ್ಳೋರು ಎಂಗ್ ಈಸ್ಕೊಂತಾರೆ ಅಂತ ನಾನ್ ಯೋಳ್ದಾಗ ಕೇಳಿದ್ಯಾ?"

ಅವಳಿಗೆ ಅರ್ಧ ಅರ್ಥವಾಗಿರಬೇಕು. ಪುಸ್ತಕದಲ್ಲಿ ಇಂಥ ಕನ್ನಡ ಇರುವುದಿಲ್ಲ. ಆದರೆ ಬೈಗುಳ ಯಾರಿಗೂ ಅರ್ಥವಾಗುತ್ತದೆ. ಕ್ಯಾಮೆರಾ ಕೆಳಗಿಳಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೂತಲ್ಲಿಂದಲೇ, "ನಾನು ಅವಳಿಗಾಗಿ ಇದನ್ನು ಬಯಸಿದೆ. ಅವಳು ಒಮ್ಮೆ ಎಲ್ಲರ ಮುಂದೆ ಆ ಕೈಯನ್ನು ಚಾಚಬೇಕೆಂದು" ಎಂದಳು.

ಇದನ್ನು ಮೊದಲೇ ಹೇಳಿದ್ದರೆ ನಾನು ಇನ್ನೂ ಜೋರಾಗಿ ಬೈಯುತ್ತಿದ್ದೆ. ಆಗ ಸುಮ್ಮನೆ ಒಂದು ಲೋಟ ಪಾನಕ ಕೊಟ್ಟೆ, ಬಲಗೈಯಲ್ಲಿ. ಅವಳು ಈಸಿಕೊಳ್ಳಲು ಎಡಗೈ ತಂದಳು, ನನ್ನ ಮುಖ ನೋಡಿ ಬಲಗೈಗೆ ಬದಲಾಯಿಸಿದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹೆಡ್‌ಮೇಡಂ ಕರೆದರು. ಹೈಸ್ಕೂಲಿನ ಅರ್ಜಿಗಳನ್ನು ಇನ್‌ಸ್ಪೆಕ್ಟರು ಹೊರಡುವ ಮೊದಲು ಅವರ ಕೈಗೇ ಕೊಟ್ಟು ಕಳಿಸಬೇಕಂತೆ. ಹುಡುಗಿಯ ಸಹಿ, ಮನೆ ಹಿರಿಯರ ಸಹಿ, ಎರಡೂ ತಮ್ಮ ಕಣ್ಣ ಮುಂದೆ ಆಗಬೇಕಂತೆ. ಮಾವ ಠೀವಿಯಿಂದ ಮೇಜಿನ ಹತ್ತಿರ ಬಂದು ನಿಂತರು. ಮಗಳು ಬಂದಳು. ಹೆಡ್‌ಮೇಡಂ ಪೆನ್ನು ಕೊಟ್ಟರು. ಅವಳು ಪೆನ್ನನ್ನು ಬಲಗೈಯಲ್ಲಿ ಈಸಿಕೊಂಡು, ಎಡಗೈಗೆ ದಾಟಿಸಿ, ಬಗ್ಗಿ, ಚಕಚಕ ಸಹಿ ಹಾಕಿದಳು. ವೇದಿಕೆ ಮೇಲೆ ಅಷ್ಟು ಯೋಚಿಸಿದವಳು ಇಲ್ಲಿ ಮರೆತೇಬಿಟ್ಟಿದ್ದಳು. ಪೆನ್ನು ಕೆಳಗಿಟ್ಟ ಮೇಲೆ ತಾತನ ಕಾಲು ಕಾಣಿಸಿತು ಅವಳಿಗೆ. ಹಾಗೇ ಬಗ್ಗಿಕೊಂಡೇ ನಿಂತಳು.

ಮಾವ ಆ ಕೈ ನೋಡಿದರು. ನನ್ನನ್ನು ನೋಡಿದರು. ಎಷ್ಟು ದಿನದಿಂದ ಎಂದು ಅವರು ಲೆಕ್ಕ ಹಾಕುತ್ತಿದ್ದಾರೆ ಎಂದು ನನಗನ್ನಿಸಿತು. ದೊರೆಸಾನಮ್ಮ ಮೆಟ್ಟಿಲಿನಿಂದ ಎದ್ದು ಬಂದು ನನ್ನ ಹಿಂದೆ ನಿಂತಿದ್ದಳು. ದೇವರ ದಯೆ, ಕ್ಯಾಮೆರಾ ಎತ್ತಲಿಲ್ಲ.

ಹೆಡ್‌ಮೇಡಂಗೆ ಬಸ್ಸಿನ ಚಿಂತೆ. ಅವರಿಗೆ ಇದೇನೂ ಗೊತ್ತಿಲ್ಲ. "ಸಹಿ ಬರುತ್ತೇನ್ರೀ ಯಜಮಾನ್ರೇ?" ಎಂದರು.

"ಇಲ್ಲ."

"ಹಾಗಾದ್ರೆ ಹೆಬ್ಬೆಟ್ಟು ಒತ್ತಿ." ಇಂಕಿನ ಡಬ್ಬಿ ಮುಂದೆ ತಳ್ಳಿದರು. ಮಾವ ಬಲಗೈ ಚಾಚಿದರು. "ಅದಲ್ಲ. ಎಡಗೈದು."

ಮಾವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಗಂಡಸರದು ಎಡಗೈ ಹೆಬ್ಬೆಟ್ಟು ಎಂದು ಎಲ್ಲ ಕಚೇರಿಯಲ್ಲೂ ಕೇಳುತ್ತಾರೆ. ಜಮೀನಿನ ಪತ್ರಕ್ಕೆ, ಕಂದಾಯದ ಕಾಗದಕ್ಕೆ, ಎಷ್ಟು ಸಲ ಒತ್ತಿದ್ದರೋ. ಅವತ್ತು ಮಾತ್ರ, ಆ ಕೈಯನ್ನು ಮೊದಲ ಸಲ ನೋಡುವವರ ಹಾಗೆ ನೋಡಿಕೊಂಡರು. ಮೊಮ್ಮಗಳ ಕೈ ಮೇಜಿನ ಮೇಲೇ ಇತ್ತು, ಇಂಕು ಮೆತ್ತಿಕೊಂಡು.

ಅವರು ಬೇಡ ಎನ್ನಬಹುದಿತ್ತು. ಆದರೆ ಅರ್ಧ ಗಂಟೆ ಹಿಂದೆ ಇಡೀ ಶಾಮಿಯಾನಕ್ಕೆ ಕೇಳುವ ಹಾಗೆ ಕಳಿಸುತ್ತೇನೆ ಎಂದಿದ್ದರು. ಆ ಜನ ಎಲ್ಲ ಇನ್ನೂ ಅಲ್ಲೇ ಪಾನಕ ಕುಡಿಯುತ್ತಾ ನಿಂತಿದ್ದರು.

ಎಡಗೈ ಹೆಬ್ಬೆಟ್ಟನ್ನು ಇಂಕಿಗೆ ಅದ್ದಿ, ಕಾಗದದ ಮೇಲೆ ತಿಗಣೆ ಹೊಸಕಿದ ಹಾಗೆ ಒತ್ತಿದರು.

"ಸರ್ಕಾರದೋರು ಕೇಳಿದ್ ಕೈ ಕೊಡ್ಬೇಕಲ್ಲ, ಏನ್ ಮಾಡಾದು" ಎಂದರು, ಯಾರಿಗೂ ಅಲ್ಲ.

ತೊಟ್ಟಿಯ ಹತ್ತಿರ ನಾನೇ ನೀರು ಹಾಕಿದೆ. ಬೂದಿ ಹಚ್ಚಿ ಉಜ್ಜಿದರೂ ಇಂಕು ಹೋಗಲಿಲ್ಲ. ಉಜ್ಜುತ್ತಲೇ ಕೇಳಿದರು: "ಊಟ ಬಲಗೈಲೇ ತಾನೆ?"

"ಬಲಗೈಲೇ ಮಾವ."

"ಕೊಡಾದು, ಈಸ್ಕಳಾದು?"

"ನೀವೇ ನೋಡಿದ್ರಲ್ಲ."

"ಉಂ. ವಾಡೆ ಹಿಂದೆ ಕತ್ಲು. ಬರ್ಯೋದಾದ್ರೆ ಜಗ್ಲೀಲಿ ಕುಂತ್ ಬರೀಲಿ. ನಾನು ಆ ವತ್ನಲ್ಲಿ ತೋಟದಾಗಿರ್ತೀನಿ."

ವಾಡೆ ಹಿಂದೆ ಎಂದು ಅವರಿಗೆ ಹೇಳಿದವರು ಯಾರು? ನಾನಲ್ಲ, ಮಗಳಲ್ಲ. ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದರು ಎಂದು ಆಗ ತಿಳಿಯಿತು. ತಿಳಿದು ನನಗೆ ಸಮಾಧಾನವಾಗಲಿಲ್ಲ, ಮೈ ಉರಿಯಿತು. ಹಾಗಿದ್ದ ಮೇಲೆ ಆ ಬಟ್ಟೆ ಸುತ್ತಿದ್ದು, ಆ ಪೊರಕೆ ಕಡ್ಡಿ, ಅವತ್ತು ಬೆಳಿಗ್ಗೆ ಮೊಟಕಿದ್ದು, ಎಲ್ಲ ಯಾರ ಸಲುವಾಗಿ? ಕೇಳಲಿಲ್ಲ. ಕೇಳಿದ್ದರೆ ಒತ್ತಿದ ಹೆಬ್ಬೆಟ್ಟನ್ನು ಅಳಿಸಿ ಬರುತ್ತೇನೆ ಎಂದಾರು ಎಂದು ಸುಮ್ಮನೆ ಇನ್ನೊಂದು ಚೊಂಬು ನೀರು ಹಾಕಿದೆ.

ತಿಂಗಳಾದಮೇಲೆ ಫೋಟೋಗಳು ಬಂದವು. ಹತ್ತು ಹುಡುಗಿಯರು ಒಂದು ಕೈಯಲ್ಲಿ ಕಾಗದ ಹಿಡಿದು ಇನ್ನೊಂದು ಕೈಯನ್ನು ಭಿಕ್ಷೆಗೆ ಚಾಚಿದ ಹಾಗೆ ಚಾಚಿ ನಿಂತಿದ್ದಾರೆ, ಇನ್‌ಸ್ಪೆಕ್ಟರು ಕೈ ಮುಗಿದಿದ್ದಾರೆ. ಮಗಳದು ಮಾತ್ರ ಬೆನ್ನು ಕಾಣುತ್ತದೆ, ಕಾಲಿಗೆ ಬಗ್ಗಿದ್ದರಿಂದ. ದೊರೆಸಾನಮ್ಮ ಊರಿಗೆ ಹೋಗುವಾಗ ಹತ್ತನ್ನು ತಾನು ಇಟ್ಟುಕೊಂಡು ಅದೊಂದನ್ನು ನನಗೆ ಕೊಟ್ಟಳು. ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಈ ಬುದ್ಧಿ ಆ ಮೂರು ವಾರದ ಮೊದಲೇ ಬಂದಿದ್ದರೆ ನನ್ನ ಹಾಲು ತಳ ಹಿಡಿಯುತ್ತಿರಲಿಲ್ಲ.